ಚುನಾವಣೆ ಬಂದರೆ ಹಗುರಾಗುತ್ತಿದ್ದ ಮನೆ

ಬೇಲಾಪುರದ ನನ್ನ ಆಫೀಸಿನಿಂದ ರೈಲ್ವೆ ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಒಬ್ಬ ಟೇಲರ್ ಫುಟ್‌ಪಾತಿನ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುತ್ತಾನೆ. ಮೊನ್ನೆ ಬ್ಯಾಗಿನ ಜಿಪ್ ಕಿತ್ತುಬಂದು ಅವನ ಮುಂದೆ ನಿಂತಿದ್ದೆ. ಅವನು ಯಂತ್ರದ ತಲೆಯನ್ನು ಹಿಂದಕ್ಕೆ ಮಗುಚಿ, ಚೂಪು ಮೂತಿಯ ಪುಟ್ಟ ಡಬ್ಬಿಯಿಂದ ಒಳಗೆ ಎಣ್ಣೆ ಬಿಟ್ಟ. ಅಷ್ಟೇ. ಆ ತೆಳು ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೊಬೈಲಿನಲ್ಲಿ ಮಗಳ ಜೊತೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಆ ಕಡೆಯಿಂದ ಅವಳು, "ಮಮ್ಮಿ, ಆವಾಜ್ ನಹೀ ಆ ರಹೀ" ಎನ್ನುತ್ತಲೇ ಇದ್ದಳು. ನನ್ನ ದನಿ ಬರುವುದು ಎಲ್ಲಿಂದ? ಆ ವಾಸನೆ ಬಂದರೆ ಬಾಯಿ ಮುಚ್ಚಿ ಕೂರಬೇಕೆಂದು ಕಲಿತ ಮೈ ಇದು. ಮೂವತ್ತು ದಾಟಿ, ಸಂಸಾರ ಕಟ್ಟಿಕೊಂಡು, ಆಫೀಸಿನಲ್ಲಿ ಎಲ್ಲರ ಜೊತೆ ಜಗಳವಾಡುವ ಹೆಂಗಸಾದ ಮೇಲೂ ಮರೆತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಮೈ ಬೆಳೆದದ್ದು ಡೊಂಬಿವಲಿಯಲ್ಲಿ, ಲಿಫ್ಟಿಲ್ಲದ ಒಂದು ಕಟ್ಟಡದ ಮೂರನೇ ಮಾಳಿಗೆಯಲ್ಲಿ. ಎರಡು ಸಣ್ಣ ಫ್ಲ್ಯಾಟುಗಳ ನಡುವಿನ ಗೋಡೆ ಒಡೆದು ಒಂದು ಮಾಡಿದ ಮನೆ. ದೊಡ್ಡಪ್ಪನಿಗೆ ಸ್ಟೇಷನ್ ಹತ್ತಿರ ಒಂದು ಹೋಟೆಲಿತ್ತು, ನನ್ನ ಅಪ್ಪ ಅಲ್ಲೇ ಅಣ್ಣನ ಕೈಕೆಳಗಿದ್ದರು. ಅಮ್ಮ ಬೆಳಗಿನ ಲೋಕಲ್ ಹಿಡಿದು ಠಾಣೆ ನಗರದ ಆಫೀಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಹಾಗಾಗಿ ನನ್ನನ್ನು ಸಾಕಿದ್ದು ದೊಡ್ಡಮ್ಮ. ಹಾಲ್‌ನ ಕಿಟಕಿಯ ಪಕ್ಕದಲ್ಲಿ ಅವಳ ಕಾಲು ತುಳಿಯುವ ಹೊಲಿಗೆ ಯಂತ್ರ, ಅದರ ಕೆಳಗೆ ಬಟ್ಟೆ ಚೂರುಗಳ ರಾಶಿಯಲ್ಲಿ ನಾನು. ಲೋಡ್‌ಶೆಡ್ಡಿಂಗಿನ ಮಧ್ಯಾಹ್ನಗಳಲ್ಲಿ ಇಡೀ ಕಟ್ಟಡ ಬೆವರುತ್ತಾ ಬಿದ್ದುಕೊಂಡಿದ್ದರೂ ಅವಳ ಯಂತ್ರ ನಿಲ್ಲುತ್ತಿರಲಿಲ್ಲ. ಇಸ್ತ್ರಿಯ ಬಿಸಿ, ಹೊಸ ಬಟ್ಟೆಯ ಗಂಜಿ, ಅವಳ ತಲೆಯ ಕೊಬ್ಬರಿ ಎಣ್ಣೆ, ಒಳಗಿನಿಂದ ಕುಚ್ಚಲಕ್ಕಿ ಬೇಯುವ ವಾಸನೆ. ಇವೆಲ್ಲ ಸೇರಿದ್ದನ್ನೇ ನಾನು ಮನೆ ಎಂದು ತಿಳಿದಿದ್ದೆ. ಒಂದೇ ಒಂದು ತಕರಾರಿತ್ತು. ಆ ಯಂತ್ರ ಕಿರ್ರೋ ಎಂದು ಕಿರುಚುತ್ತಿತ್ತು. ಕೆಳಗಿನ ಮನೆಯ ಮರಾಠಿ ಹೆಂಗಸು, ನಾವು ಕಾಕು ಎಂದು ಕರೆಯುತ್ತಿದ್ದವರು, ಮೆಟ್ಟಿಲು ಹತ್ತಿ ಬಂದು, ಅದಕ್ಕೊಂದಿಷ್ಟು ಎಣ್ಣೆ ಹಾಕಬಾರದೇ ಎಂದು ಬೇಡಿಕೊಂಡದ್ದೂ ಉಂಟು. ದೊಡ್ಡಮ್ಮ ಚಹಾ ಕೊಟ್ಟು ಕಳಿಸುತ್ತಿದ್ದಳೇ ಹೊರತು ಎಣ್ಣೆ ಹಾಕುತ್ತಿರಲಿಲ್ಲ. ಯಂತ್ರದ ಡ್ರಾಯರಿನಲ್ಲೇ ಎಣ್ಣೆಯ ಡಬ್ಬಿ ಇತ್ತು. ಯಾಕೆ ದೊಡ್ಡಮ್ಮ ಎಂದು ಕೇಳಿದರೆ, ಇರಲಿ ಬಿಡು, ಅದರಷ್ಟಕ್ಕೆ ಅದು ಮಾತಾಡುತ್ತದೆ ಎನ್ನುತ್ತಿದ್ದಳು. ಸೋಮಾರಿತನ ಎಂದುಕೊಂಡಿದ್ದೆ.

ಆ ಡಬ್ಬಿಯನ್ನು ಬಳಸುತ್ತಿದ್ದವರು ದೊಡ್ಡಪ್ಪ, ತಮ್ಮ ಕೋವಿಗೆ. ಕಾರ್ಕಳದ ಕಡೆಯ ನಮ್ಮ ಗದ್ದೆಗೆ ಹಂದಿ ಬರುತ್ತದೆಂದು ಅಜ್ಜ ಲೈಸೆನ್ಸ್ ಮಾಡಿಸಿ ತೆಗೆದುಕೊಂಡ ಒಂಟಿ ನಳಿಗೆಯ ಕೋವಿ ಅದು. ಅಜ್ಜ ಹೋದರು, ಗದ್ದೆ ಪಾಲಾಗಿ ಯಾರಯಾರದೋ ಕೈ ಸೇರಿತು, ಕೋವಿ ಮಾತ್ರ ಹಿರಿಯ ಮಗನಿಗೆಂದು ಹೆಸರು ಬದಲಾಯಿಸಿಕೊಂಡು ಡೊಂಬಿವಲಿಗೆ ಬಂತು. ನೀವೇ ಹೇಳಿ, ಡೊಂಬಿವಲಿಯಲ್ಲಿ ಯಾವ ಹಂದಿ? ಯಾವ ಗದ್ದೆ? ದೊಡ್ಡಪ್ಪನನ್ನು ಹಾಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮನೆತನದ ಮರ್ಯಾದೆ ಎನ್ನುತ್ತಿದ್ದರು. ನನಗೂ ಆಗ ಹೆಮ್ಮೆಯಿತ್ತು, ಸುಳ್ಳು ಯಾಕೆ ಹೇಳಲಿ. ಆಯುಧಪೂಜೆಯ ದಿನ ಮಣೆಯ ಮೇಲೆ ಕೋವಿಯನ್ನು ಮಲಗಿಸಿ, ಗಂಧ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಅದರ ಕಾಲ ಬುಡದಲ್ಲಿ ಹೋಟೆಲಿನ ಸೌಟು, ದೊಡ್ಡಮ್ಮನ ಕತ್ತರಿ, ತರಕಾರಿ ಹೆಚ್ಚುವ ಮೆಟ್ಟುಕತ್ತಿಗಳನ್ನು ಜೋಡಿಸುತ್ತಿದ್ದರು. ಆ ಮರದ ಹಿಡಿ ಅದೆಷ್ಟು ನುಣುಪು! ನೆರೆಮನೆಯ ಮಕ್ಕಳನ್ನು ಕರೆತಂದು ತೋರಿಸಿ ಮೆರೆದಿದ್ದೇನೆ.

ದೊಡ್ಡಪ್ಪ ಯಾವತ್ತೂ ಯಾರ ಕಡೆಗೂ ಅದನ್ನು ಗುರಿ ಹಿಡಿದವರಲ್ಲ. ಗುಂಡಿನ ತೋಟೆಗಳು ಬೇರೆ ಡಬ್ಬದಲ್ಲಿ ಬೀಗದೊಳಗಿದ್ದವು. ನನಗೆ ತಿಳಿದಂತೆ ಡೊಂಬಿವಲಿಗೆ ಬಂದ ಮೇಲೆ ಅದರಿಂದ ಒಂದು ಗುಂಡೂ ಹಾರಲಿಲ್ಲ. ಅವರು ಮಾಡುತ್ತಿದ್ದದ್ದು ಇಷ್ಟೇ. ಮನೆಯಲ್ಲಿ ಯಾರಾದರೂ ಎದುರಾಡಿದರೆ ಉತ್ತರ ಕೊಡದೆ ಎದ್ದು, ಕಬ್ಬಿಣದ ಕಪಾಟು ತೆಗೆದು, ಹಾಲ್‌ನಲ್ಲಿ ನೆಲಕ್ಕೆ ಪೇಪರು ಹಾಸಿ, ಅದರ ಮೇಲೆ ಕೋವಿ ಇಟ್ಟುಕೊಂಡು ಕೂರುತ್ತಿದ್ದರು. ದೊಡ್ಡಮ್ಮನ ಡ್ರಾಯರಿನಿಂದ ಎಣ್ಣೆಯ ಡಬ್ಬಿ ಎತ್ತಿಕೊಂಡು ಒಂದೊಂದೇ ಭಾಗಕ್ಕೆ ಎಣ್ಣೆ ಬಿಟ್ಟು, ಹಳೆ ಬನಿಯನ್ನಿನ ತುಂಡಿನಿಂದ ತಿಕ್ಕುವರು. ಒಂದು ಮಾತಿಲ್ಲ, ಒಂದು ಬೈಗುಳವಿಲ್ಲ. ಎಣ್ಣೆಯ ವಾಸನೆ ಹಾಲ್‌ನಿಂದ ಅಡುಗೆಮನೆಗೆ, ಅಲ್ಲಿಂದ ನಮ್ಮ ಕೋಣೆಗೆ ಬರುತ್ತಿತ್ತು. ಅಮ್ಮ ಟಿವಿಯ ಸದ್ದು ಇಳಿಸುವಳು. ಅಪ್ಪ ಎತ್ತಿದ ಮಾತನ್ನು ಅಲ್ಲೇ ಬಿಟ್ಟು ಬಾಲ್ಕನಿಗೆ ಹೋಗಿ ನಿಲ್ಲುವರು. ಏನಾಯಿತೆಂದು ಹೊರಗಿನವರಿಗೆ ಹೇಳಲು ಹೋದರೆ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಮನುಷ್ಯ ತನ್ನ ವಸ್ತುವನ್ನು ತಾನು ಒರೆಸಿದರೆ ತಪ್ಪೇ?

ಆ ಮನೆಗೆ ಬಿಡುಗಡೆ ಸಿಗುತ್ತಿದ್ದದ್ದು ಚುನಾವಣೆಯಲ್ಲಿ. ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇದ್ದವರು ಕೋವಿಯನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಡಬೇಕು, ಫಲಿತಾಂಶ ಬಂದ ಮೇಲೆ ವಾಪಸ್ಸು. ದೊಡ್ಡಪ್ಪ ಮದುವೆಗೆ ಹೊರಟವರಂತೆ ಬಿಳಿ ಅಂಗಿ ತೊಟ್ಟು, ಕೋವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ರಿಕ್ಷಾದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೋಗುತ್ತಿದ್ದರು. ಬರಿಗೈಯಲ್ಲಿ ಬಂದ ದಿನದಿಂದ ಮನೆಯ ಗಾಳಿಯೇ ಬೇರೆ. ಅಮ್ಮ ಟಿವಿಯ ಸದ್ದು ಏರಿಸುವಳು. ಪ್ರಸಾದಣ್ಣ, ಅವನೇ ದೊಡ್ಡಮ್ಮನ ಒಬ್ಬನೇ ಮಗ, ಬಾತ್‌ರೂಮಿನಲ್ಲಿ ಗಂಟಲು ಬಿಟ್ಟು ಹಾಡುವನು. ದೊಡ್ಡಮ್ಮ ಗಂಡನಿಗೇ ತಮಾಷೆ ಮಾಡುವಳು, ಸ್ಟೇಷನ್ನಿನಲ್ಲಿ ನಿಮ್ಮ ಕಿರಿ ಹೆಂಡತಿಗೆ ಊಟ ಕೊಡುತ್ತಾರೋ ಇಲ್ಲವೋ ಎಂದು. ಆಶ್ಚರ್ಯವೆಂದರೆ ದೊಡ್ಡಪ್ಪ ನಗುತ್ತಿದ್ದರು. ಹೋಟೆಲಿನಿಂದ ಬರುವಾಗ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಬಂದು ನನ್ನ ಬಾಯಿಗೆ ತಾವೇ ಇಡುವರು. ಮಗನ ಜೊತೆ ಇಸ್ಪೀಟು ಆಡಿ, ಮೋಸ ಮಾಡಿ ಸಿಕ್ಕಿಬೀಳುವರು. ಬಿಗಿ ಅಂಗಿ ಕಳಚಿ ಕೂತವರ ಹಾಗೆ ಸಡಿಲವಾಗುತ್ತಿದ್ದರು. ನಾನು ಪ್ರೀತಿಸಿದ್ದು ಆ ದೊಡ್ಡಪ್ಪನನ್ನು. ನಮ್ಮಲ್ಲಿ ಲೋಕಸಭೆ, ವಿಧಾನಸಭೆ, ಮಹಾಪಾಲಿಕೆ ಎಂದು ಏನಾದರೊಂದು ಬರುತ್ತಲೇ ಇತ್ತು. ಬರದ ವರ್ಷ ನಾನು ದೇವರ ಮುಂದೆ ನಿಂತು ಚುನಾವಣೆ ಬೇಡಿಕೊಳ್ಳುತ್ತಿದ್ದೆ.

ಒಂದು ಸಂಜೆ ಬಂಗುಡೆ ಸಾರಿನ ಊಟದ ನಡುವೆ ಪ್ರಸಾದಣ್ಣ, ತಾನು ಹೋಟೆಲಿನ ಗಲ್ಲಾದಲ್ಲಿ ಕೂರುವುದಿಲ್ಲ, ಕಲ್ಯಾಣದ ಒಂದು ಗ್ಯಾರೇಜಿನಲ್ಲಿ ಬೈಕ್ ರಿಪೇರಿ ಕಲಿಯಲು ಸೇರುತ್ತೇನೆ ಎಂದ. ಹೆದರಿಕೊಂಡೇ ಹೇಳಿದ, ಆದರೆ ಪೂರ್ತಿ ಹೇಳಿದ. ದೊಡ್ಡಪ್ಪ ಎದ್ದು ಕೈ ತೊಳೆದರು. ಕಪಾಟಿನ ಬಾಗಿಲು ಕೇಳಿಸಿತು. ಪೇಪರು ಹಾಸಿದ ಸದ್ದು ಕೇಳಿಸಿತು. ಆಮೇಲೆ ವಾಸನೆ ಬಂತು. ಪ್ರಸಾದಣ್ಣನ ಕೈ ತಟ್ಟೆಯ ಮೇಲೇ ಉಳಿಯಿತು, ಮೀನಿನ ಮುಳ್ಳು ಬಿಡಿಸುವುದೂ ಅವನಿಗೆ ಆಗಲಿಲ್ಲ. ದೊಡ್ಡಮ್ಮ ಮಗನ ಮುಖವನ್ನೇ ನೋಡುತ್ತಿದ್ದಳು. ಮರುದಿನ ಬೆಳಗ್ಗೆ ಅವನು ತಲೆ ಬಾಚಿಕೊಂಡು ಗಲ್ಲಾಕ್ಕೆ ಹೋಗಿ ಕೂತ. ದೊಡ್ಡಪ್ಪ ಕೋವಿಯನ್ನು ಒಳಗಿಟ್ಟು, ಏನೂ ಆಗಲಿಲ್ಲ ಎಂಬಂತೆ ಚಹಾ ಕೇಳಿದರು.

ಮುಂದಿನ ಚುನಾವಣೆ ಬಂತು, ಕೋವಿ ಸ್ಟೇಷನ್ನಿಗೆ ಹೋಯಿತು. ಮನೆ ಎಂದಿನಂತೆ ನಗತೊಡಗಿತು. ದೊಡ್ಡಮ್ಮ ಒಂದು ಮಧ್ಯಾಹ್ನ ಕೂತು ಡಬ್ಬ ತುಂಬ ಚಕ್ಕುಲಿ ಮಾಡಿದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಯಾಕೆ ಎಂದು ನಾನು ಕೇಳಿದರೆ ತಿನ್ನು ಎಂದು ಒಂದು ಕೈಗಿಟ್ಟಳು. ಎರಡು ದಿನ ಬಿಟ್ಟು ಪ್ರಸಾದಣ್ಣ ಅದೇ ಡಬ್ಬವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದ. ನಾಸಿಕ್‌ನಲ್ಲಿ ಗ್ಯಾರೇಜು ಸೇರಿದನೆಂದು ಆಮೇಲೆ ಫೋನ್ ಬಂತು. ದೊಡ್ಡಪ್ಪ ಅತ್ಯಂತ ಸಡಿಲವಾಗಿದ್ದ ದಿನಗಳಲ್ಲೇ, ಇಸ್ಪೀಟಿನಲ್ಲಿ ಅವರನ್ನು ಸೋಲಿಸಿದ ಮರುದಿನವೇ ಅವನು ಹೋದದ್ದು. ದೊಡ್ಡಪ್ಪ ಕುಸಿದು ಕೂತರು. ಆ ದಿನ ಅವರು ಅತ್ತಿದ್ದರೆ, ಮಗನನ್ನು ಬೈದಿದ್ದರೆ, ನಾಸಿಕ್‌ನ ಬಸ್ಸು ಹತ್ತಿದ್ದರೆ ನಮ್ಮ ಮನೆಯ ಕತೆ ಬೇರೆಯಾಗುತ್ತಿತ್ತು ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅವರು ಹೇಳಿದ್ದು ಒಂದೇ ಮಾತು, ದೊಡ್ಡಮ್ಮನ ಕಡೆ ನೋಡಿ.

"ಕೋವಿ ಮನೆಯಲ್ಲಿ ಇದ್ದಿದ್ರೆ ಅವ ಹೋಗ್ತಿರ್ಲಿಲ್ಲ."

ಆಮೇಲೆ ಉಳಿದದ್ದು ಬರಿಯ ಉಳಿಕೆ. ಫಲಿತಾಂಶ ಬಂದ ದಿನವೇ ಅವರು ಹೋಗಿ ಅದನ್ನು ತಂದರು. ಹೆದರಿಸಲು ಮಗನಿಲ್ಲದ ಮನೆಯಲ್ಲಿ ಕಾರಣವಿದ್ದರೂ ಇಲ್ಲದಿದ್ದರೂ ಎಣ್ಣೆ ಹಚ್ಚತೊಡಗಿದರು. ನನ್ನ ಅಪ್ಪ ಇನ್ನು ಸಾಧ್ಯವಿಲ್ಲ ಎಂದು ಹತ್ತಿರದ ದಿವಾ ಊರಿನಲ್ಲಿ ಸಣ್ಣದೊಂದು ಮನೆ ಹಿಡಿದರು. ನೀರಿಗೆ ಸಾಲು ನಿಲ್ಲಬೇಕಾದ, ರೈಲಿನ ಸದ್ದಿಗೆ ಪಾತ್ರೆ ನಡುಗುವ ಆ ಮನೆಯಲ್ಲಿ ಅಮ್ಮ ಮೊದಲ ದಿನವೇ ಟಿವಿ ಜೋರಾಗಿ ಹಾಕಿದಳು. ದೊಡ್ಡಮ್ಮನಿಗೆ ಹೋಗಲು ದಿವಾ ಇರಲಿಲ್ಲ, ನಾಸಿಕ್ ಇರಲಿಲ್ಲ. ರಜೆಯಲ್ಲಿ ನಾನು ಹೋದಾಗಲೆಲ್ಲ ಅವಳು ಕಿಟಕಿಯ ಪಕ್ಕ ಕೂತು ಆ ಕಿರುಚುವ ಯಂತ್ರವನ್ನು ತುಳಿಯುತ್ತಲೇ ಇರುತ್ತಿದ್ದಳು. ನನಗೆ ದೊಡ್ಡಪ್ಪನ ಮೇಲೆ ಸಿಟ್ಟಿತ್ತು, ಕೋವಿಯ ಮೇಲೆ ಅದಕ್ಕಿಂತ ಹೆಚ್ಚು. ಅದು ಇಲ್ಲದಾಗ ಅವರು ಎಂಥ ಮನುಷ್ಯ ಎಂದು ಕಣ್ಣಾರೆ ಕಂಡವಳು ನಾನು. ಕೋವಿ ಹಿಡಿದವನಿಗೆ ಇನ್ನೊಬ್ಬರ ಬಳಿ ಮಾತಾಡುವ ಗರಜೇ ಬೀಳುವುದಿಲ್ಲ. ಮಾತಾಡದೆ ಮಾತಾಡದೆ ಕೊನೆಗೆ ಅವರಿಗೆ ಮಾತೇ ಬಾರದಾಯಿತು. ಅದಕ್ಕಾಗಿ ನಾನು ಆ ಕಬ್ಬಿಣವನ್ನು ಕ್ಷಮಿಸಲಾರೆ.

ದೊಡ್ಡಪ್ಪ ತೀರಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ, ಇನ್ನೊಂದು ಚುನಾವಣೆಯ ನಡುವೆ, ಹೋಟೆಲಿನಿಂದ ಬಂದು ಚಪ್ಪಲಿ ಕಳಚುತ್ತಾ, ಎದೆ ಹಿಡಿದುಕೊಂಡು. ಆ ದಿನವೂ ಕೈಯಲ್ಲಿ ಗೋಳಿಬಜೆಯ ಪೊಟ್ಟಣವಿತ್ತಂತೆ. ನನಗೆ ಅಳು ತಡೆಯಲಾಗಲಿಲ್ಲ. ಪ್ರಸಾದಣ್ಣ ನಾಸಿಕ್‌ನಿಂದ ಬಂದು ಕ್ರಿಯೆಗೆ ಕೂತ. ಉಗುರಿನ ಸಂದಿಯಲ್ಲಿ ಗ್ರೀಸ್ ಕಟ್ಟಿಕೊಂಡ, ತಲೆ ನರೆಯುತ್ತಿದ್ದ ಗಂಡಸು. ಎಲ್ಲ ಮುಗಿದ ಮೇಲೆ ಸ್ಟೇಷನ್ನಿನಿಂದ ಹವಾಲ್ದಾರ ಬಂದು, ಕೋವಿಯನ್ನು ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿ ತೆಗೆದುಕೊಳ್ಳಬಹುದು, ಬೇಡವಾದರೆ ಸರ್ಕಾರಕ್ಕೆ ಒಪ್ಪಿಸಬಹುದು ಎಂದು ಮರಾಠಿಯಲ್ಲಿ ವಿವರಿಸಿದ. ಒಪ್ಪಿಸಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಸಾದಣ್ಣ, ತಾನು ಅರ್ಜಿ ಹಾಕುತ್ತೇನೆ ಎಂದ. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆ ವಾಸನೆಗೆ ಹೆದರಿ ಮನೆ ಬಿಟ್ಟವನು ಇವನೇ ತಾನೇ?

ಹವಾಲ್ದಾರ ಹೋದ ಮೇಲೆ ಅವನು ತಾಯಿಯ ಎದುರು ನೆಲದ ಮೇಲೆ ಕೂತ. "ಅಪ್ಪನ ಕೈ ತಾಗಿದ್ದು ನನಗೆ ಬೇರೆ ಎಂತ ಉಂಟಮ್ಮ?" ಎಂದ. ಆ ಗಳಿಗೆ ಅವನನ್ನು ದ್ವೇಷಿಸಲು ನನ್ನಿಂದಲೂ ಆಗಲಿಲ್ಲ.

ದೊಡ್ಡಮ್ಮ ದನಿ ಏರಿಸದೆ ಹೇಳಿದ್ದನ್ನು ನಾನು ಹಾಗೆಯೇ ಬರೆಯುತ್ತಿದ್ದೇನೆ.

"ಅಪ್ಪನ ಕೈ ತಾಗಿದ್ದು ನಾನಿಲ್ವಾ ಮಗಾ? ನೀನು ಅದು ಇಲ್ಲದ ದಿನ ನೋಡಿ ಹೋದೆ. ನಾನೇ ಚಕ್ಕುಲಿ ಕಟ್ಟಿಕೊಟ್ಟೆ. ಅದು ವಾಪಸ್ ಬಂದ ದಿನ ಬಾಗಿಲು ತೆಗೆದದ್ದು ಯಾರು? ನಾನು. ಪ್ರತಿ ಸಲ ನಾನೇ. ಇನ್ನು ತೆಗೆಯುದಿಲ್ಲ."

ಪ್ರಸಾದಣ್ಣ ತಾಯಿಯ ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ಮರುದಿನ ಅವರಿಬ್ಬರೂ ರಿಕ್ಷಾದಲ್ಲಿ ಹೋಗಿ, ಬೇಡವೆಂದು ಬರೆದುಕೊಟ್ಟು ಬಂದರು. ಅವಳು ಕೋವಿಯನ್ನು ಕೊನೆಯ ಸಲ ನೋಡಲೂ ಇಲ್ಲವಂತೆ, ಹೊರಗಿನ ಬೆಂಚಿನಲ್ಲೇ ಕೂತಿದ್ದಳಂತೆ.

ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಂತ್ರದ ಡ್ರಾಯರು ಎಳೆದು ಎಣ್ಣೆಯ ಡಬ್ಬಿ ತೆಗೆದಳು. ಯಂತ್ರದ ತಲೆಯನ್ನು ಹಿಂದಕ್ಕೆ ಮಗುಚಿ ಒಂದೊಂದೇ ತೂತಿಗೆ ಎಣ್ಣೆ ಬಿಟ್ಟಳು. ವಾಸನೆ ಹಾಲ್ ತುಂಬಿತು. ನಾನೂ ಪ್ರಸಾದಣ್ಣನೂ ಆಡುತ್ತಿದ್ದ ಮಾತು ನಿಲ್ಲಿಸಿ ಗೋಡೆಗೆ ಒರಗಿ ಕೂತುಬಿಟ್ಟೆವು, ಅಷ್ಟು ದೊಡ್ಡವರು. ಅವಳು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು.

"ನೋಡಿ, ಇದಕ್ಕೇ ನಾನು ಇಷ್ಟು ವರ್ಷ ಎಣ್ಣೆ ಹಾಕ್ಲಿಲ್ಲ. ಈ ವಾಸನೆ ಬಂದ್ರೆ ನೀವು ಮಕ್ಕಳು ಉಸಿರು ಸಹ ಬಿಡ್ತಿರ್ಲಿಲ್ಲ. ಈಗ ಮಾತಾಡಿ."

ಆಮೇಲೆ ಕೂತು ತುಳಿದಳು. ಯಂತ್ರ ಸದ್ದೇ ಇಲ್ಲದೆ ಓಡಿತು. ನಮಗೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ.

ಈಗ ಆ ಕಟ್ಟಡವಿಲ್ಲ, ಕೆಡವಿ ಎತ್ತರದ ಟವರ್ ಕಟ್ಟಿದ್ದಾರೆ. ದೊಡ್ಡಮ್ಮನೂ ಇಲ್ಲ. ಬೇಲಾಪುರದ ಆ ಟೇಲರನ ಮುಂದೆ ಮೊನ್ನೆ ನಾನು ಸುಮ್ಮನೆ ನಿಂತಿದ್ದಾಗ ಮಗಳು ಲೈನಿನಲ್ಲೇ ಇದ್ದಳು, ಹಲೋ ಹಲೋ ಎನ್ನುತ್ತಾ. ಅವನು ಯಂತ್ರದ ತಲೆ ಮುಚ್ಚಿ ನನ್ನ ಜಿಪ್ ಹೊಲಿಯತೊಡಗಿದ. ನಾನು ಗಂಟಲು ಸರಿಮಾಡಿಕೊಂಡು, ಇದ್ದೇನೆ ಮಗಾ, ಹೇಳು ಎಂದೆ.