ಗೇಟು ತೆಗೆಸಿದ ಶಾಸಕಿ

ನಮ್ಮತ್ತೆಯನ್ನು ಊರಿನ ಅರ್ಧಕ್ಕರ್ಧ ಜನ ನೋಡದೆಯೇ ಬಲ್ಲವರಾಗಿದ್ದರು. ಹತ್ತೊಂಬತ್ತು ವರ್ಷ ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ತೂತು ತೂತಿನ ದೊಡ್ಡ ಬೋರ್ಡಿನ ಮುಂದೆ, ಎತ್ತರದ ಸ್ಟೂಲಿನ ಮೇಲೆ ಕೂತು, ಒಬ್ಬರ ಲೈನನ್ನು ಇನ್ನೊಬ್ಬರಿಗೆ ಸೇರಿಸುವ ಕೆಲಸ. ಚುನಾವಣೆಗೆ ನಿಂತು ಮನೆಮನೆಗೆ ಹೋದಾಗ, ಬಾಗಿಲು ತೆಗೆದವರು ಯಾರೋ ಏನೋ ಅನ್ನುವ ಹಾಗೆ ನೋಡುತ್ತಿದ್ದರಂತೆ. "ನಮಸ್ಕಾರ, ಹೇಳಿ" ಅನ್ನುವ ಅತ್ತೆಯ ದನಿ ಕೇಳಿದ ಮೇಲೆ ಅವರ ಮುಖ ಅರಳುತ್ತಿತ್ತಂತೆ.

ಇಂಥವಳು ಶಾಸಕಿ ಆದದ್ದು ಹೇಗೆ, ಒಂದೇ ಅವಧಿಗೆ ಮನೆಗೆ ಬಂದದ್ದು ಯಾಕೆ ಅನ್ನುವುದು ನನಗೆ ಚಿಕ್ಕಂದಿನಿಂದ ಬಗೆಹರಿಯದ ಸಂಗತಿ. ಅಪ್ಪನನ್ನು ಕೇಳಿದರೆ ನಿಮ್ಮತ್ತೆಯನ್ನೇ ಕೇಳು ಅನ್ನುತ್ತಿದ್ದ. ಅತ್ತೆಯೋ, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವವಳು. ಹಾಗಾಗಿ ವರ್ಷಗಟ್ಟಲೆ ತುಣುಕು ತುಣುಕಾಗಿ ಕೇಳಿ ಕೂಡಿಸಿಕೊಂಡಿದ್ದೇನೆ.

ರೈಲುಹಳಿ ಊರನ್ನು ಎರಡಾಗಿ ಸೀಳಿತ್ತು. ಆಸ್ಪತ್ರೆ ಈಚೆ, ಅರ್ಧ ಊರು ಆಚೆ, ನಡುವೆ ಗೇಟು. ಒಂದು ಮಧ್ಯಾಹ್ನ ಆಚೆಯ ಬಡಗಿಯೊಬ್ಬ ಫೋನ್ ಮಾಡಿ, ಹೆಂಡತಿಗೆ ಹೆರಿಗೆ ನೋವು, ಆಂಬುಲೆನ್ಸ್ ಬೇಕು ಅಂದ. ಅತ್ತೆ ಆಸ್ಪತ್ರೆಗೆ ಲೈನು ಕೊಟ್ಟಳು. ಆಂಬುಲೆನ್ಸ್ ಹೊರಟಿತು, ಗೇಟಿನಲ್ಲಿ ನಿಂತಿತು. ಗೂಡ್ಸ್ ರೈಲೊಂದು ಕೆಟ್ಟು ಅಲ್ಲೇ ನಿಂತುಬಿಟ್ಟಿತ್ತು. ಬಡಗಿ ಐದೈದು ನಿಮಿಷಕ್ಕೊಮ್ಮೆ ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಕೇಳುವುದು, ಅತ್ತೆ ಗೇಟಿನ ಹತ್ತಿರ ಇದೆ ಅನ್ನುವುದು. ಹೀಗೆ ಒಂಬತ್ತು ಸಲ. ತಾಯಿ ಬದುಕಿದಳು, ಮಗು ಉಳಿಯಲಿಲ್ಲ.

ಮುಂದಿನ ಚುನಾವಣೆಗೆ ಅತ್ತೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಕ್ಷೇತರ ಅಭ್ಯರ್ಥಿಯಾಗಿ ನಿಂತಳು. ಹೇಳಿದ್ದು ಒಂದೇ ಮಾತು: ಗೇಟು ತೆಗೆಸಿ ಸೇತುವೆ ಕಟ್ಟಿಸುತ್ತೇನೆ. ಜನ ನಕ್ಕರು. ಬಿಸಿಲೆನ್ನದೆ ಅವಳ ಜೊತೆ ತಿರುಗಿದವನು ಗೇಟಿನ ಪಕ್ಕದ ಸೈಕಲ್ ರಿಪೇರಿಯವನು. ಅವನನ್ನು ಎಲ್ಲರೂ ಪಂಕ್ಚರಣ್ಣ ಅನ್ನುತ್ತಿದ್ದರು. ದೊಡ್ಡ ಪಕ್ಷಗಳೆರಡೂ ಕಚ್ಚಾಡಿ ಓಟು ಹಂಚಿಕೊಂಡವು, ಅತ್ತೆ ಗೆದ್ದಳು.

ವಿಧಾನಸಭೆಯಲ್ಲಿ ಅವಳದು ಕೊನೆಯ ಸಾಲು, ಕಂಬದ ಪಕ್ಕದ ಕುರ್ಚಿ. ಮೂರು ವರ್ಷ ಸೇತುವೆ, ಸೇತುವೆ ಅಂತ ಕೇಳಿದ್ದೇ ಬಂತು. ಅವಳು ಎದ್ದರೆ ಸಾಕು, ಮುಂದಿನ ಸಾಲಿನವರು "ಗೇಟಮ್ಮ ಎದ್ದರು" ಅಂದು ಕಾಫಿಗೆ ಹೋಗುತ್ತಿದ್ದರಂತೆ. ನಾಲ್ಕನೆಯ ವರ್ಷ ಸರ್ಕಾರ ಅಲುಗಾಡಿತು. ವಿಶ್ವಾಸಮತಕ್ಕೆ ಒಂದು ಓಟು ಕಡಿಮೆ. ಕಂಬದ ಪಕ್ಕದ ಕುರ್ಚಿಗೆ ಇದ್ದಕ್ಕಿದ್ದ ಹಾಗೆ ನೆಂಟರು ಹೆಚ್ಚಿದರು. ಎರಡೂ ಕಡೆಯವರು ಮಂತ್ರಿ ಮಾಡುತ್ತೇವೆ ಅಂದರು.

"ನೀನೇನು ಕೇಳಿದೆ ಅತ್ತೆ?"

"ಸೇತುವೆ ಆದೇಶ. ಸಹಿ, ಮೊಹರು, ಕೆಲಸ ಶುರುವಾಗೋ ತಾರೀಖು. ಆಡಳಿತದವರ ಕೈಲಿ ಪೆನ್ನಿತ್ತು, ಅವರಿಗೇ ಓಟು ಹಾಕಿದೆ."

"ಅವರು ಒಳ್ಳೆಯವರಾಗಿದ್ರಾ?"

ಅತ್ತೆ ಇಲ್ಲ ಅಂದಳು.

ಹದಿನಾಲ್ಕು ತಿಂಗಳಲ್ಲಿ ಸೇತುವೆ ಎದ್ದಿತು. ಆಂಬುಲೆನ್ಸ್ ಆರು ನಿಮಿಷಕ್ಕೆ ಆಚೆ ತಲುಪತೊಡಗಿತು. ಆದರೆ ಮುಂದಿನ ಚುನಾವಣೆಯಲ್ಲಿ ಅತ್ತೆ ನೂರ ಎಂಬತ್ತೇಳು ಓಟಿನಿಂದ ಸೋತಳು. ಓಟು ಮಾರಿಕೊಂಡಳು ಅನ್ನುವ ಗಾಳಿಮಾತಿನಿಂದ ಸೋತಿರಬೇಕು ಅಂದುಕೊಂಡಿದ್ದೆ. ಅದಲ್ಲವಂತೆ. ಗೇಟಿನ ಎರಡೂ ಬದಿ ಮೂವತ್ತೊಂದು ಅಂಗಡಿಗಳಿದ್ದವು: ಚಹಾ, ಹಣ್ಣು, ಪೇಪರು, ಪಂಕ್ಚರು. ಗೇಟು ಹಾಕಿದಾಗ ನಿಲ್ಲುವ ಗಾಡಿಗಳೇ ಅವರ ಬದುಕು. ಈಗ ಗಾಡಿಗಳೆಲ್ಲ ನಿಲ್ಲದೆ ಅವರ ತಲೆಯ ಮೇಲಿಂದಲೇ ಹೋಗುತ್ತಿದ್ದವು.

ಫಲಿತಾಂಶದ ಮರುದಿನ ಅತ್ತೆ ಪಂಕ್ಚರಣ್ಣನ ಅಂಗಡಿಗೆ ಹೋದಳು. ಅವನು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದವನು ಎದ್ದು ಸ್ಟೂಲು ಒರೆಸಿಕೊಟ್ಟ.

"ಅಕ್ಕ, ನಾನು ನಿಮಗೆ ಓಟು ಹಾಕಲಿಲ್ಲ."

"ಸೇತುವೆ ಬೇಕು ಅಂತ ನನ್ನ ಜೊತೆ ತಿರುಗಿದವನು ನೀನೇ ತಾನೆ?"

"ತಿರುಗಿದೆ. ಅದು ನಿಜವಾಗ್ಲೂ ಬರುತ್ತೆ ಅಂತ ನಂಬಿರಲಿಲ್ಲ."

ಅತ್ತೆಗೆ ನಗು ತಡೆಯಲಾಗಲಿಲ್ಲವಂತೆ. ಅವನೂ ನಕ್ಕನಂತೆ. ಆಮೇಲೆ ಅವನು ಮತ್ತೆ ಟ್ಯೂಬು ಕೈಗೆತ್ತಿಕೊಂಡನಂತೆ. ಆ ಗೇಟಿನಲ್ಲಿ ನಿಂತು ಎಷ್ಟು ಚಹಾ ಕುಡಿದಿದ್ದಳೋ. ಗೇಟು ಹೋದರೆ ನಿಮ್ಮ ಗತಿಯೇನು ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಮತ್ತೆ ನಿಲ್ಲಿ ಅಂತ ಎರಡೂ ಪಕ್ಷದವರು ಮನೆ ಬಾಗಿಲಿಗೆ ಬಂದರು. ಅತ್ತೆ ಒಲ್ಲೆ ಅಂದು ಆಸ್ಪತ್ರೆಯ ವಿಚಾರಣಾ ಕೌಂಟರಿನಲ್ಲಿ, ಮತ್ತೆ ಫೋನಿನ ಮುಂದೆ, ಕೆಲಸಕ್ಕೆ ಸೇರಿದಳು. ರಜೆಯ ದಿನ ಪಂಕ್ಚರಣ್ಣನನ್ನು ಕರೆದುಕೊಂಡು ನಗರಸಭೆಗೆ ಅಲೆದಳು. ಸೇತುವೆಯ ಕೆಳಗಿನ ಖಾಲಿ ಜಾಗದಲ್ಲಿ ಅಂಗಡಿ ಕೊಡಿ ಅನ್ನುವುದು ಬೇಡಿಕೆ. ಮಾಜಿ ಅಂದರೆ ಕೂರಲು ಕುರ್ಚಿ ಸಿಗುತ್ತದೆ, ಕಡತ ಅಲ್ಲಾಡುವುದಿಲ್ಲ ಅನ್ನುತ್ತಿದ್ದಳು. ಮೂರು ವರ್ಷ ಹಿಡಿಯಿತು. ಹತ್ತೊಂಬತ್ತು ಅಂಗಡಿ ಸಿಕ್ಕವು, ಒಂದು ಪಂಕ್ಚರಣ್ಣನದು. ಅಷ್ಟರಲ್ಲಿ ಉಳಿದ ಹನ್ನೆರಡು ಮಂದಿ ಜಾಗ ಬಿಟ್ಟಿದ್ದರು.

ಅವರೆಲ್ಲ ಎಲ್ಲಿ ಹೋದರು ಅಂತ ಮೊನ್ನೆ ಕೇಳಿದೆ. ಅತ್ತೆ ಬೆರಳು ಮಡಿಸುತ್ತ ಹೇಳಿದಳು: ಪೇಪರಿನವನು ಶಾಲಾ ವ್ಯಾನು ಓಡಿಸುತ್ತಾನೆ, ಹಣ್ಣಿನವಳು ಮಗಳ ಮನೆಯಲ್ಲಿದ್ದಾಳೆ, ಚಹಾದವನಿಗೆ ಬಸ್ ನಿಲ್ದಾಣದಲ್ಲಿ ಕ್ಯಾಂಟೀನ್. ಹತ್ತಕ್ಕೆ ನಿಂತಳು.

"ಇನ್ನಿಬ್ಬರು?"

"ಗೊತ್ತಾಗಿಲ್ಲ," ಅಂದಳು. "ವಿಚಾರಿಸ್ತಾ ಇದ್ದೀನಿ."