ಡಬ್ಬಿಯಿಂದ ಬಂದ ಪಕ್ಷ

ಹತ್ತು ಹನ್ನೆರಡು ವರ್ಷಗಳ ಹಿಂದೆ, ಇಂಗ್ಲೆಂಡಿನ ಎಜ್‌ಬಾಸ್ಟನ್ ಬಳಿಯ ಕಾಲೇಜೊಂದರಲ್ಲಿ ಹದಿನೇಳು ಹದಿನೆಂಟರ ಮಕ್ಕಳಿಗೆ ಅಮೆರಿಕದ ರಾಜಕೀಯ ಕಲಿಸುತ್ತಿದ್ದೆ. ಆ ದಿನಗಳು ಈಗ ಬಸ್ಸಿನ ಮಸುಕು ಗಾಜಿನಾಚೆ ಇದ್ದಂತೆ ಕಾಣುತ್ತವೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ಹೀಟರಿನ ಬಿಸಿಗೆ ತೂಕಡಿಸುತ್ತಿದ್ದ ತರಗತಿಗೆ ನಾನು ಹೇಳುತ್ತಿದ್ದದ್ದು, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂಬ ಅಲ್ಲಿನ ಮೊಕದ್ದಮೆಗಳ ಕಥೆ.

ಬರೀ ಹೇಳಿದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಅದಕ್ಕೇ ತರಗತಿಯನ್ನೇ ಕೋರ್ಟು ಮಾಡುತ್ತಿದ್ದೆ. ಯಾರು ಯಾವ ಪಕ್ಷ, ಯಾರು ನ್ಯಾಯಾಧೀಶರು ಎನ್ನುವುದಕ್ಕೆ ನನ್ನ ಊಟದ ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತಬೇಕು. ಚೀಟಿಗಳಿಗೆಲ್ಲ ಪುಳಿಯೋಗರೆಯ ವಾಸನೆ! ಗೆದ್ದವರು ಮರುದಿನ ಎದುರು ಪಕ್ಷದ ಪರ ವಾದಿಸಲೇಬೇಕು. ಈ ನಿಯಮದಲ್ಲಿ ನಾನು ಮಹಾ ಹಟಮಾರಿ.

ಒಂದು ವರ್ಷ ಮೈಸೂರು ಕಡೆಯವರ ಮಗಳೊಬ್ಬಳಿದ್ದಳು. ಅವಳ ತಾಯಿಗೆ ವೃದ್ಧಾಶ್ರಮದಲ್ಲಿ ಕೆಲಸ. ನಾನು ಕನ್ನಡದಲ್ಲಿ ಕೇಳಿದರೂ ಹುಡುಗಿಯ ಉತ್ತರ ಇಂಗ್ಲಿಷಿನಲ್ಲೇ. ಜನಾಂಗದ ಲೆಕ್ಕದಿಂದ ಸೀಟು ತಪ್ಪಿತೆಂದು ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದ ಬಿಳಿಯ ವಿದ್ಯಾರ್ಥಿನಿಯ ವಕೀಲಿಕೆ ಅವಳ ಪಾಲಿಗೆ ಬಂತು. ಅಂಕವೊಂದೇ ನ್ಯಾಯ, ಉಳಿದದ್ದೆಲ್ಲ ಕನಿಕರ ಎಂದು ವಾದಿಸಿ ಗೆದ್ದೇಬಿಟ್ಟಳು.

ತರಗತಿ ಮುಗಿದರೂ ಅವಳು ಏಳಲಿಲ್ಲ. ಇಂಗ್ಲೆಂಡಿನ ಕೆಲವು ವಿಶ್ವವಿದ್ಯಾಲಯಗಳು ಪೋಸ್ಟ್‌ಕೋಡ್ ನೋಡಿ, ಬಡ ಬಡಾವಣೆಯ ಮಕ್ಕಳಿಗೆ ಒಂದು ಗ್ರೇಡ್ ರಿಯಾಯಿತಿ ಕೊಡುತ್ತವೆ. ಅವಳಿಗೆ ಹಾಗೊಂದು ಮೆಡಿಕಲ್ ಸೀಟು ಬಂದಿತ್ತು.

"ಐ ಡೋಂಟ್ ವಾಂಟ್ ಇಟ್, ಮಿಸ್" ಎಂದಳು. ಕನಿಕರದ ಸೀಟು ಬೇಡವಂತೆ.

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. "ನಾಳೆ ಎದುರು ಪಕ್ಷ ವಾದಿಸ್ಬೇಕಲ್ಲಮ್ಮ, ಮರೆತ್ಯಾ? ಅದಾದ್ಮೇಲೆ ಬೇಕಾದ್ರೆ ಬೇಡ ಅನ್ನು" ಎಂದೆ.

ಮರುದಿನ ಕಿಟಕಿಯಾಚೆ ಸದ್ದಿಲ್ಲದೆ ಹಿಮ ಬೀಳುತ್ತಿತ್ತು. ಅವಳು ವಿಶ್ವವಿದ್ಯಾಲಯದ ಪರ ಎದ್ದು ನಿಂತಳು. ಮೊದಮೊದಲು ಅಮೆರಿಕದ ಮಾತೇ. ಆಮೇಲೆ ದನಿ ತಗ್ಗಿತು. ಯಾರದೋ ಕನಸು ಹೇಳುವವಳ ಹಾಗೆ ಒಬ್ಬ ಹುಡುಗಿಯ ವಿಷಯ ಹೇಳತೊಡಗಿದಳು. ಆ ಹುಡುಗಿಯ ಮನೆಯಲ್ಲಿ ಓದಲು ಜಾಗವಿಲ್ಲ. ಕಾಸು ಹಾಕಿ ಬಟ್ಟೆ ಒಗೆಯುವ ಬೀದಿಯ ಲಾಂಡ್ರಿಯಲ್ಲಿ, ಯಂತ್ರ ಗಿರಗಿರ ತಿರುಗಿ ನಿಲ್ಲುವುದನ್ನು ಕಾಯುತ್ತ, ಬೆಚ್ಚಗೆ ಕೂತು ಕೆಮಿಸ್ಟ್ರಿ ಓದುತ್ತಾಳೆ. ಅವಳ ಅಂಕಕ್ಕೂ ದೊಡ್ಡ ಮನೆಯಿಂದ ಕಾರಿನಲ್ಲಿ ಬರುವವರ ಅಂಕಕ್ಕೂ ಒಂದೇ ತೂಕವೇ ಎಂದು ಕೇಳಿದಳು.

ನ್ಯಾಯಾಧೀಶರ ಪಾತ್ರದ ಮಕ್ಕಳು ಮಾತ್ರ ಕರಗಲಿಲ್ಲ. ಒಂದು ಮತದಿಂದ ಅವಳು ಸೋತಳು. ನನ್ನ ನಿಯಮವೇ ಅವಳ ಸೀಟು ಕಳೆಯಿತೇನೋ ಎಂದುಕೊಂಡೆ.

ಅವಳು ಚೀಟಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಮೊದಲ ಸಲ ಕನ್ನಡದಲ್ಲಿ ಹೇಳಿದಳು:

"ಅವ್ರು ಏನಾದ್ರೂ ಅನ್ಲಿ ಮಿಸ್. ಆ ಸೀಟು ನಂದು."