ಮಣೆಯ ಮೇಲೆ ಕೂತ ನೆಟ್‌ಬುಕ್

ಮೊನ್ನೆ ಭಾನುವಾರ, ಗೋಡೆಗೆ ಬಣ್ಣ ಬಳಿಯುವವರು ಬರುತ್ತಾರೆಂದು ಕಬ್ಬಿಣದ ಕಪಾಟನ್ನು ಖಾಲಿ ಮಾಡುತ್ತಿದ್ದೆ. ಹಳೆಯ ಹೊದಿಕೆಗಳ ಕೆಳಗಿನಿಂದ ಒಂದು ರೆಕ್ಸಿನ್ ಚೀಲ ಕೈಗೆ ಸಿಕ್ಕಿತು. ಜಿಪ್ ಎಳೆದದ್ದೇ ತಡ, ನುಸಿಗುಳಿಗೆಯ ಘಾಟಿನ ನಡುವೆ ತೆಳ್ಳಗೆ ಗಂಧದ ವಾಸನೆ ಬಂತು. ಕಂಪ್ಯೂಟರಿನ ಚೀಲದಲ್ಲಿ ಗಂಧದ ವಾಸನೆ ಎಲ್ಲಿಂದ ಎಂದು ನೀವು ಕೇಳಬಹುದು. ನನಗೆ ಮಾತ್ರ ವಾಸನೆ ಮೂಗಿಗೆ ಬಡಿದ ಕ್ಷಣದಲ್ಲೇ ಎದೆ ಡವಡವ ಎಂದಿತು. ಇಷ್ಟು ವರ್ಷಗಳ ಮೇಲೂ ಆ ಹೊತ್ತಿನ ಗಾಬರಿ ಮೈಯಲ್ಲಿ ಹಾಗೇ ಕೂತಿದೆ ನೋಡಿ.

ಒಳಗಿದ್ದದ್ದು ನೆಟ್‌ಬುಕ್. ಹಾಗೆಂದರೇನೆಂದು ಈಗಿನ ಮಕ್ಕಳಿಗೆ ವಿವರಿಸಬೇಕಾಗುತ್ತದೆ. ಲ್ಯಾಪ್‌ಟಾಪಿನ ಕುಳ್ಳ ತಮ್ಮ ಎನ್ನಿ. ಗಲ್ಫಿನಲ್ಲಿ ಕ್ರೇನ್ ನಡೆಸುತ್ತಿದ್ದ ನನ್ನ ಸೋದರಮಾವ ಅದನ್ನು ಊರಿಗೆ ಬರುವ ಯಾರದೋ ಕೈಯಲ್ಲಿ ಕಳಿಸಿದ್ದರು. ಅದರಲ್ಲಿ ಬಂದ ವಿಂಡೋಸ್ ತೆವಳತೊಡಗಿದಾಗ ನಾನು ಅದನ್ನು ಕಿತ್ತು, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಆ ಕಾಲದಲ್ಲಿ ಲಿನಕ್ಸ್ ಹಾಕಿದವನಿಗೆ ಮೊದಲ ಸಲ ಶಬರಿಮಲೆಗೆ ಮಾಲೆ ಹಾಕಿದವನ ಗತ್ತು. ಬೈಕಂಪಾಡಿಯ ಗೋದಾಮಿನ ಆಫೀಸಿನಲ್ಲಿ ಬಿಲ್ಲು ಬರೆಯುವ ನಾನು, ಮಣ್ಣಗುಡ್ಡದ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಪಂಡಿತನಾಗಿಬಿಟ್ಟೆ.

ಆ ಪುಟ್ಟ ಯಂತ್ರಕ್ಕೆ ಒಂದೇ ಒಂದು ರೋಗವಿತ್ತು. ಸ್ಕ್ರೀನ್ ಅಗಲ ಉಂಟು, ಎತ್ತರ ಇಲ್ಲ. ಪ್ರೋಗ್ರಾಂ ಬರೆಯುವವರೆಲ್ಲ ದೊಡ್ಡ ಸ್ಕ್ರೀನಿನ ಮುಂದೆ ಕೂತು ಬರೆದವರು. ಅವರ ವಿಂಡೋಗಳು ನನ್ನ ಸ್ಕ್ರೀನಿನಲ್ಲಿ ತಲೆಯಿಂದ ಸೊಂಟದವರೆಗೆ ಕಾಣುತ್ತಿದ್ದವು, ಕಾಲು ಕೆಳ ಅಂಚಿನಾಚೆ ಮುಳುಗಿರುತ್ತಿತ್ತು. ಒತ್ತಬೇಕಾದ ಬಟನ್ ಇರುವುದು ಆ ಕಾಲಿನ ಹತ್ತಿರವೇ. ನಾನು ಅಕ್ಷರ ಸಣ್ಣದು ಮಾಡಿ, ಮೇಲಿನ ಕೆಳಗಿನ ಪಟ್ಟಿಗಳನ್ನು ಅಡಗಿಸಿ, ಹೇಗೋ ಎಲ್ಲವನ್ನೂ ಹಿಡಿಸಿದ್ದೆ. ಹಾಗೆ ಹಿಡಿಸಿದ್ದನ್ನು ಬಂದವರಿಗೆಲ್ಲ ತೋರಿಸಿಯೂ ಇದ್ದೆ.

ಅಕ್ಕನ ನಿಶ್ಚಿತಾರ್ಥ ಬಂತು. ನಮ್ಮಲ್ಲಿ ಮನೆತನ ತಾಯಿಯ ಕಡೆಯಿಂದ ನಡೆಯುವುದು. ಹೆಣ್ಣನ್ನು ಕೊಡುತ್ತೇವೆಂಬ ಮಾತು ಸೋದರಮಾವನ ಬಾಯಿಂದಲೇ ಬರಬೇಕು. ಎರಡು ಕಡೆಯ ಮಾವಂದಿರು ಮಣೆಯ ಮೇಲೆ ಎದುರುಬದುರು ಕೂತು ವೀಳ್ಯದ ಹರಿವಾಣ ಬದಲಾಯಿಸುತ್ತಾರೆ, ಅಪ್ಪ ಪಕ್ಕದಲ್ಲಿ ನಿಂತಿರುತ್ತಾರೆ. ಆದರೆ ಮಾವನಿಗೆ ರಜೆ ಸಿಗಲಿಲ್ಲ. ಪಾಸ್‌ಪೋರ್ಟ್ ಕಂಪೆನಿಯ ಕೈಯಲ್ಲಿತ್ತು. ಫೋನಿನಲ್ಲಿ ಮಾವ "ಬೇರೆ ಯಾರನ್ನಾದ್ರೂ ಕೂರಿಸಿ" ಎಂದಷ್ಟೇ ಹೇಳಿದರು. ಅಕ್ಕನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಅವರು.

ಅಜ್ಜಿ, ಎಂದರೆ ಮಾವನ ತಾಯಿ, ಕಣ್ಣು ಕೆಂಪು ಮಾಡಿದರು. "ನನ್ನ ಮಗ ಇರುವಾಗ ಅವನ ಮಣೆಯಲ್ಲಿ ಇನ್ನೊಬ್ಬ ಕೂರುವುದಾ? ಅಂಥ ನಿಶ್ಚಯ ನನಗೆ ಬೇಡ."

ಆಗ ಬಾಯಿ ಹಾಕಿದವನು ನಾನು. "ಮಾವ ಬರ್ತಾರೆ ಅಜ್ಜಿ. ನಾನು ತರಿಸ್ತೇನೆ." ಗಂಡಿನ ಕಡೆಯವರೂ ಒಪ್ಪಿದರು. ಮಾವ ಅಲ್ಲಿಂದ ವಿಡಿಯೋ ಕಾಲಿನಲ್ಲಿ ಎಲ್ಲವನ್ನೂ ಕಣ್ಣಾರೆ ನೋಡಿ "ಒಪ್ಪಿದೆ" ಎನ್ನಬೇಕು, ಆಮೇಲೆ ಅಪ್ಪ ಹರಿವಾಣ ದಾಟಿಸಬೇಕು ಎಂದು ಮಾತಾಯಿತು. ಮಾವ ಯಾರದೋ ಕೈಯಲ್ಲಿ ಅಕ್ಕನಿಗೆ ಹಸಿರು ಪಟ್ಟೆಸೀರೆ ಕಳಿಸಿದರು.

ಹಿಂದಿನ ದಿನ ನನಗೆ ಎಂತ ಬಡಿಯಿತೋ, ಎಲ್ಲ ಹೊಸದಾಗಿರಲಿ ಎಂದು ಲಿನಕ್ಸನ್ನು ಅಪ್‌ಡೇಟ್ ಮಾಡಿದೆ. ಮಗು ಮಲಗಿದೆ, ಕಾಲ್ಗೆಜ್ಜೆ ತೊಡಿಸಿಬಿಡೋಣ ಎಂದು ಎಬ್ಬಿಸಿದ ಹಾಗಾಯಿತು. ಬೆಳಿಗ್ಗೆ ತೆರೆದು ನೋಡಿದರೆ ಅಕ್ಷರಗಳು ಊದಿಕೊಂಡಿವೆ, ಅಡಗಿಸಿಟ್ಟ ಪಟ್ಟಿಗಳು ಎದ್ದು ಬಂದಿವೆ, ಪ್ರತಿ ವಿಂಡೋದ ಕಾಲೂ ಮತ್ತೆ ಮುಳುಗಿದೆ. ಸರಿಮಾಡೋಣವೆಂದು ಡಿಸ್‌ಪ್ಲೇಯ ಸೆಟ್ಟಿಂಗ್ ತೆರೆದೆ. ಅದರ ಕಾಲೂ ಮುಳುಗಿತ್ತು. ಬದಲಾಯಿಸಿದ್ದನ್ನು ಖಾಯಂ ಮಾಡುವ ಬಟನ್ ಕೆಳಗೆಲ್ಲೋ ಕತ್ತಲಲ್ಲಿ. ಅಷ್ಟರಲ್ಲಿ ಸುರತ್ಕಲ್‌ನಿಂದ ಗಂಡಿನ ಕಡೆಯ ಕಾರುಗಳು ಬಂದವು.

ಅಜ್ಜಿ ನೆಟ್‌ಬುಕ್ಕನ್ನು ನನ್ನ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಮಣೆಯಲ್ಲಿ ಕೂತದ್ದು ಮಗ ತಾನೆ? ಗಂಧ ತೇದು, ಕುಂಕುಮ ಬೆರೆಸಿ, ಸ್ಕ್ರೀನಿನ ಮೇಲಂಚಿನಲ್ಲಿ ಹಣೆ ಎನ್ನಬಹುದಾದ ಜಾಗಕ್ಕೆ ಧಾರಾಳವಾಗಿ ಒಂದು ಬೊಟ್ಟು ಇಟ್ಟರು. "ಇದನ್ನು ಒರೆಸಿದ್ರೆ ನೋಡು ಮತ್ತೆ" ಎಂದು ನನಗೆ ಎಚ್ಚರಿಕೆ ಬೇರೆ. ನಾನು ನೆಲದ ಮೇಲೆ ಮೊಣಕಾಲೂರಿ ಕೆಳ ಅಂಚನ್ನೇ ನೋಡುತ್ತಿದ್ದೆ.

ಮಾವನ ಕರೆ ಬಂತು, ಟ್ರಿಣ್ ಟ್ರಿಣ್ ಸದ್ದು ಕೇಳಿತು. ಮೇಲೆ ಮಾವನ ಹೆಸರು, ಅದರ ಕೆಳಗೆ ಅವರ ಫೋಟೋ, ಅದರ ಕೆಳಗೆ ಇರಬೇಕಾದ ಹಸಿರು ಬಟನ್ ಇಲ್ಲ. ಟ್ಯಾಬ್ ಒತ್ತಿ, ಅಂದಾಜಿನಲ್ಲಿ ಎಂಟರ್ ಹೊಡೆದೆ. ಕರೆ ಕಡಿದುಹೋಯಿತು. ನಾನು ಒತ್ತಿದ್ದು ಬೇಡವೆನ್ನುವ ಬಟನ್.

ಹುಡುಗನ ಸೋದರಮಾವ ತಮ್ಮ ಮಣೆಯಿಂದ ಗಡಿಯಾರ ನೋಡಿದರು. "ರಾಹುಕಾಲ ಹತ್ತಿರ ಬಂತಲ್ಲ. ಸಿಕ್ತಾರಾ ನಿಮ್ಮ ಮಾವ?"

"ಸಿಕ್ತಾರೆ, ಈಗ ಸಿಕ್ತಾರೆ."

ಎರಡನೇ ಸಲ ಟ್ರಿಣ್ ಟ್ರಿಣ್. ಎರಡನೇ ಸಲವೂ ಕಡಿಯಿತು. ಅಮ್ಮ ಬಾಗಿಲ ಸಂದಿಯಲ್ಲಿ ನಿಂತು ಸೆರಗು ಹಿಂಡುತ್ತಿದ್ದರು. ಹುಡುಗನ ಮಾವ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು, "ಬೇಸರ ಮಾಡ್ಬೇಡಿ. ಮುಹೂರ್ತ ಮೀರಿದ್ರೆ ನಮ್ಮ ಮನೆಯಲ್ಲಿ ಹಿರಿಯರು ಕೇಳ್ತಾರೆ. ಯಾರಾದ್ರೂ ಒಬ್ಬರು ಕೂತ್ಕೊಳ್ಳಿ."

ಅಜ್ಜಿ ಮಣೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನ್ನ ಕಡೆ ನೋಡಿ ತುಳುವಿನಲ್ಲಿ ಕೇಳಿದರು, "ದಾದ ಆಂಡ್?" ಏನಾಯಿತು ಎಂದು. ಮನೆಯಲ್ಲಿ ನಾವು ಆಡುವುದೆಲ್ಲ ತುಳುವೇ, ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ಆ ಎರಡು ಶಬ್ದ ಮಾತ್ರ ನನಗೆ ಕನ್ನಡದಲ್ಲಿ ಕೇಳುವುದೇ ಇಲ್ಲ. ಮಾತು ಕೊಟ್ಟವನು ನಾನು, ಮಾವ ಬರುತ್ತಿಲ್ಲ, ಅಜ್ಜಿ ಮಣೆ ಬಿಡುವವರಲ್ಲ. ನಿಶ್ಚಯ ಮುರಿದರೆ ಅಕ್ಕನ ಮುಖವನ್ನು ಹೇಗೆ ನೋಡುವುದು?

ಮೂರನೇ ಸಲ ಕರೆ ಬರುವಾಗ, ಎಂದೋ ಯಾವುದೋ ಲಿನಕ್ಸಿಗರ ಹರಟೆಕಟ್ಟೆಯಲ್ಲಿ ಓದಿದ್ದು ನೆನಪಿಗೆ ಬಂತು. ಆಲ್ಟ್ ಕೀ ಒತ್ತಿ ಹಿಡಿದರೆ ವಿಂಡೋವನ್ನು ಎಲ್ಲಿ ಬೇಕಾದರೂ ಹಿಡಿದು ಎಳೆಯಬಹುದು, ತಲೆಯನ್ನು ಸ್ಕ್ರೀನಿನಾಚೆ ದೂಡಿದರೆ ಕಾಲು ಮೇಲೆ ಬರುತ್ತದೆ. ಎಡಗೈಯಲ್ಲಿ ಆಲ್ಟ್, ಬಲಗೈಯ ಬೆರಳಲ್ಲಿ ಎಳೆದೆ. ಮಾವನ ಹೆಸರು ಮೇಲೆ ಹೋಯಿತು, ಫೋಟೋ ಅರ್ಧ ಹೋಯಿತು, ಕೆಳಗಿನಿಂದ ಹಸಿರು ಬಟನ್ ಎದ್ದು ಬಂತು. ಒತ್ತಿದೆ.

ಮಾವನ ಮುಖ ಬಂತು. ಲೇಬರ್ ಕ್ಯಾಂಪಿನ ಮಂಚ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರ ಪೂರ್ತಿ ಮುಖ ಎಲ್ಲರಿಗೂ ಕಾಣಲೆಂದು ವಿಂಡೋವನ್ನು ಮತ್ತೆ ಕೆಳಗಿಳಿಸಿದೆ. ನಮ್ಮ ಚಿತ್ರ ಅವರಿಗೆ ಹೇಗೆ ಹೋಗುತ್ತಿದೆಯೆಂದು ತೋರಿಸುವ ಪುಟ್ಟ ಚೌಕ ಕೆಳಗೆ ಮುಳುಗಿತು. ಮುಳುಗಲಿ, ನಮ್ಮ ಮುಖ ನಮಗೆ ಯಾಕೆ ಎಂದುಕೊಂಡೆ.

"ಕಾಣ್ತದಾ ಮಗಾ?" ಅಜ್ಜಿ ಕೂಗಿ ಕೇಳಿದರು, ಗಲ್ಫಿಗೆ ಕೇಳಿಸಬೇಕಲ್ಲ.

ಮಾವ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಗ್ಗಿದರು. "ರಾಹುಕಾಲಕ್ಕೆ ಎಷ್ಟು ಹೊತ್ತು ಉಂಟು?"

"ಬಂದೇ ಬಿಟ್ಟಿತು" ಎಂದರು ಹುಡುಗನ ಮಾವ.

"ಕಾಣ್ತದೆ ಅಮ್ಮ. ಎಲ್ಲ ಕಾಣ್ತದೆ" ಎಂದರು ಮಾವ. ಆಮೇಲೆ ಅಕ್ಕನಿಗೆ, "ಹಸಿರು ಸೀರೆ ನಿನಗೆ ಒಪ್ತದೆ ಮಗಾ. ನನಗೆ ಒಪ್ಪಿದೆ. ಹರಿವಾಣ ಕೊಡಿ ಭಾವ" ಎಂದು ಕಣ್ಣೊರೆಸಿಕೊಂಡರು.

ಅಪ್ಪ ಹರಿವಾಣ ದಾಟಿಸಿದರು. ನಾವು ಮಾತ್ರ ಮುಖ ಮುಖ ನೋಡಿಕೊಂಡೆವು. ಅಕ್ಕ ಉಟ್ಟದ್ದು ಅಮ್ಮನ ನೀಲಿ ಸೀರೆ. ಹಸಿರಿನ ರವಕೆಯನ್ನು ದರ್ಜಿ ಕೆಡಿಸಿಟ್ಟಿದ್ದ. ಮಾವನಿಗೆ ನೋವಾದೀತೆಂದು ಅಕ್ಕ ಬೆಳಗಿನಿಂದ ಹೆದರಿಕೊಂಡೇ ಇದ್ದಳು. ಅವಳ ಹೆದರಿಕೆ ಹೋಗಲಾಡಿಸಲು ಪಂಡಿತ ಇದ್ದಾನಲ್ಲ! ಊಟದ ಹೊತ್ತಿಗೆ ನಾನು ಡಿಸ್‌ಪ್ಲೇ ಡ್ರೈವರ್, ಬಣ್ಣಗಳ ವ್ಯತ್ಯಾಸ, ನೀಲಿಯು ಹಸಿರಾಗಿ ಕಾಣುವ ಕಾರಣ ಎಂದು ಎಲ್ಲರಿಗೂ ಪಾಠ ಮಾಡಿದೆ. ಎಲ್ಲರೂ ತಲೆದೂಗಿದರು. ಅಕ್ಕ "ಸದ್ಯ" ಎಂದು ಉಸಿರುಬಿಟ್ಟಳು. ಈಗಲೂ ಮಾವನ ಎದುರು ಆಲ್ಬಂ ತೆಗೆದರೆ ಅವಳು ನೀಲಿ ಸೀರೆಯ ಪುಟಗಳನ್ನು ಬೇಗ ಬೇಗ ಮಗುಚುತ್ತಾಳೆ.

ಆ ವಾರವೇ ಆಫೀಸಿನಲ್ಲಿ ನನಗೆ ದೊಡ್ಡ ಲ್ಯಾಪ್‌ಟಾಪ್ ಸಿಕ್ಕಿತು. ನೆಟ್‌ಬುಕ್ ಬೊಟ್ಟಿನ ಸಮೇತ ಕಪಾಟು ಸೇರಿತು. ಅಜ್ಜಿ ಈಗಿಲ್ಲ. ಮಾವ ಕೆಲಸ ಮುಗಿಸಿ ಬಂದು ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ. ಭಾನುವಾರದ ಚಾ ನಮ್ಮಲ್ಲಿ.

ಮೊನ್ನೆಯೂ ಅವರು ಚಾ ಕುಡಿಯುತ್ತಿದ್ದರು. "ನೋಡಿ ಮಾವ, ನಿಮ್ಮನ್ನು ಕೂರಿಸಿದ್ದು ಇದರಲ್ಲಿ" ಎಂದು ನೆಟ್‌ಬುಕ್ಕಿಗೆ ವಯರು ಚುಚ್ಚಿದೆ. ನರಳುತ್ತಾ ಎದ್ದಿತು. ಮಾವನ ಮುಖವನ್ನು ಅದರಲ್ಲಿ ಮತ್ತೊಮ್ಮೆ ನೋಡುವ ಆಸೆಯಿಂದ ಕ್ಯಾಮೆರಾದ ಪ್ರೋಗ್ರಾಂ ತೆರೆದೆ. ಎಂದಿನಂತೆ ಚಿತ್ರದ ಚೌಕ ಅರ್ಧ ಕೆಳಗೆ ಮುಳುಗಿತ್ತು. ಆಲ್ಟ್ ಹಿಡಿದು ಎಳೆದೆ.

ಚೌಕದ ತುಂಬ ಕೆಂಪು ಕತ್ತಲೆ, ಬೇರೆ ಏನೂ ಇಲ್ಲ. ಹಾಳಾಗಿದೆ ಎಂದುಕೊಂಡೆ. ಆಮೇಲೆ ನನ್ನ ಕಣ್ಣು ನಿಧಾನವಾಗಿ ಮೇಲೆ ಹೋಯಿತು. ಅಜ್ಜಿ ಇಟ್ಟ ಬೊಟ್ಟು, ಒಣಗಿ ಕಲ್ಲಾಗಿ, ಸರಿಯಾಗಿ ಕ್ಯಾಮೆರಾದ ಕಣ್ಣಿನ ಮೇಲೆ ಕೂತಿತ್ತು.

ಅವತ್ತು ಬಗ್ಗಿ ಬಗ್ಗಿ ಕೆಳಗೇ ನೋಡಿದೆನಲ್ಲ, ಒಮ್ಮೆಯಾದರೂ ಮೇಲೆ ನೋಡಬಾರದಿತ್ತೇ?

"ಮಾವ, ಅವತ್ತು ನಿಮಗೆ ಎಂತ ಕಂಡದ್ದು?"

ಮಾವ ಚಾದ ಲೋಟ ಕೆಳಗಿಟ್ಟರು. ಸ್ಕ್ರೀನನ್ನು ನೋಡಿದರು. "ಇದೇ" ಎಂದರು. "ಕೆಂಪು."

"ಮತ್ತೆ ಎಲ್ಲ ಕಾಣ್ತದೆ ಅಂದ್ರಿ?"

"ಕಾಣುವುದಿಲ್ಲ ಅಂದಿದ್ರೆ ನೀನು ಮತ್ತೆ ಬಿಚ್ಚಿ ಕೂರ್ತಿದ್ದೆ. ರಾಹುಕಾಲ ಕಾಯ್ತದಾ ಮಾರಾಯ? ಅಮ್ಮನ ಸ್ವರ ಕೇಳ್ತಿತ್ತು, ನಿನ್ನ ಅಕ್ಕನ ಬಳೆ ಕೇಳ್ತಿತ್ತು. ಸಾಕಾಯ್ತು ನನಗೆ." ಆಮೇಲೆ ನಾಚಿದವರ ಹಾಗೆ ಕೇಳಿದರು, "ಸೀರೆಯ ವಿಷಯ ಅಂದಾಜಲ್ಲಿ ಹೇಳಿದ್ದು. ನಾನೇ ಕಳಿಸಿದ್ದಲ್ವಾ, ಉಟ್ಟಿರ್ತಾಳೆ ಅಂತ. ಹಸಿರಲ್ಲಿ ಹೇಗೆ ಕಾಣ್ತಿದ್ಳು ಅವಳು?"

ಅಕ್ಕನ ನೀಲಿ ಸೀರೆ ನನ್ನ ಕಣ್ಣೆದುರು ನಿಂತಿತು. ನಾನು ನೆಟ್‌ಬುಕ್ಕಿನ ಮುಚ್ಚಳ ಮೆಲ್ಲಗೆ ಮುಚ್ಚಿದೆ. ಬೊಟ್ಟು ಒರೆಸಲಿಲ್ಲ.

"ತುಂಬಾ ಚೆಂದ ಕಾಣ್ತಿದ್ಳು, ಮಾವ" ಎಂದೆ.